ಕೂಗದ ಪೆಟ್ಟಿಗೆ

ಬೇಸಿಗೆ ಮುಗಿಯುತ್ತ ಬಂದಿತ್ತು. ಮೋಡ ಕವಿದ ಒಂದು ಮಂಗಳವಾರ, ಆಗಷ್ಟೇ ಬೆಳಕು ಹರಿದ ಹೊತ್ತು. ಮೀನುಮರಿ ಸಾಕುವವನು ಹೊರಗೆ ಬಂದು ನೋಡಿದರೆ ಆರು ಕೊಳಗಳಲ್ಲಿ ಐದು ಬೆಳ್ಳಗಿದ್ದವು. ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಕೊಳಕ್ಕೊಂದು ಸಣ್ಣ ಪೆಟ್ಟಿಗೆ ಇತ್ತು. ನೀರಿನಲ್ಲಿ ಗಾಳಿ ಕಡಿಮೆಯಾದರೆ ಅದು ಕೂಗಬೇಕು. ಕೂಗಿದ ಕೂಡಲೇ ನೀರಿಗೆ ಗಾಳಿ ತುಂಬುವ ಗಾಳಿಚಕ್ರ ಹಾಕುವುದು ಅವನ ಸೋದರಮಾವನ ಕೆಲಸ. ನೀರಗುಳ್ಳೆ ನೋಡಿಯೇ ಕೊಳದ ಕಷ್ಟ ಹೇಳುತ್ತಿದ್ದ ಆತನನ್ನು ಎಲ್ಲರೂ ಗುಳ್ಳೆಮಾವ ಎನ್ನುತ್ತಿದ್ದರು.

"ನಿದ್ದೆ ಹೊಡೆದ್ಯಲ್ಲ ಮಾವ."

"ಇಲ್ಲಪ್ಪ. ಅದು ಕೂಗ್ಲೇ ಇಲ್ಲ."

"ಯಂತ್ರ ಸುಳ್ಳು ಹೇಳುತ್ತಾ? ವಯಸ್ಸಾಯ್ತು ನಿಂಗೆ, ಒಪ್ಕೋ."

ಮಾವ ಬಲೆ ಹಿಡಿದು ಸತ್ತ ಮರಿಗಳನ್ನು ಎತ್ತಲು ಕೊಳಕ್ಕಿಳಿದ.

ಮೂರು ದಿನ ಕಳೆದು ಪೆಟ್ಟಿಗೆ ರಿಪೇರಿ ಮಾಡುವ ಹೆಣ್ಣುಮಗಳು ಬಂದಳು.

"ಇದರೊಳಗಿನ ತಂತ್ರಾಂಶ ಯಾರಾದ್ರೂ ಬದಲಾಯಿಸಿದ್ರಾ ಅಣ್ಣಾ?"

"ಸುಮ್‌ಸುಮ್ನೆ ಕೂಗುತ್ತೆ ಅಂತ ಮೊಬೈಲ್ ಅಂಗಡಿಯವನ ಹತ್ರ ಒಂದಕ್ಕೆ ಹೊಸದು ಹಾಕಿಸ್ದೆ. ಒಂದಕ್ಕೇ."

"ಇವು ಒಂದರಿಂದ ಒಂದು ಕಲಿಯೋ ಪೆಟ್ಟಿಗೆಗಳು. ಅದು ಬೇರೆಯವಕ್ಕೂ ಹಬ್ಬಿರುತ್ತೆ."

"ಪರದೆ ಮೇಲೆ ಎಲ್ಲ ಸರಿ ಅಂತಾನೇ ಇತ್ತಲ್ಲ ತಾಯಿ."

"ಕೆಟ್ಟಿದ್ದು ತಾನು ಕೆಟ್ಟಿದೀನಿ ಅಂತ ಹೇಳ್ಕೊಳ್ಳುತ್ತಾ? ಹೊರಗಿಂದ ಓದಿ ನೋಡ್ಬೇಕು."

ಅವಳು ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಒಳಗಿನದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಅದರ ಪರದೆ ಮೇಲೆ ಒಂದು ಉದ್ದನೆಯ ಸಂಖ್ಯೆ ಬಂತು. ಒಳಗೆ ಒಂದಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದಂತೆ. ಕಂಪನಿ ಕೊಟ್ಟ ಸಂಖ್ಯೆಯ ಪಕ್ಕ ಇಟ್ಟರೆ ಐದು ಪೆಟ್ಟಿಗೆಗಳದ್ದು ಹೊಂದಲಿಲ್ಲ. ಆರನೆಯದು ಮಾತ್ರ ಅಂಕಿಗೆ ಅಂಕಿ ಹೊಂದಿತು.

"ಅದಕ್ಕೆ ತಿಂಗಳಿಂದ ಬ್ಯಾಟರಿನೇ ಇಲ್ಲ," ಎಂದಳು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ.

"ಅದಕ್ಕೇ ರೋಗ ತಗುಲಿಲ್ಲ. ಆದ್ರೆ ಬ್ಯಾಟರಿ ಇಲ್ದೆ ಅದು ಕೂಗೋ ಹಾಗೂ ಇಲ್ಲ. ಆ ಕೊಳದ ಮೀನು ಹೇಗೆ ಉಳೀತು?"

ಹೆಂಡತಿ ಗಂಡನ ಮುಖ ನೋಡಿದಳು. "ಈ ಪೆಟ್ಟಿಗೆ ಕೂಗಲ್ಲ ಅಂತ ಮಾವ ರಾತ್ರಿಯೆಲ್ಲ ಅಲ್ಲೇ ಗುಳ್ಳೆ ನೋಡ್ತಾ, ಚಕ್ರ ಹಾಕ್ತಾ ಕೂತಿದ್ರು. ನಿದ್ದೆ ಮಾಡಿರ್ಲಿಲ್ಲ ರೀ."



ಈಗ ಗಂಡ ಹೆಂಡತಿ ಪ್ರತಿ ಸೋಮವಾರ ಆರೂ ಪೆಟ್ಟಿಗೆಗಳ ಸಂಖ್ಯೆ ಹೊಂದಿಸಿ ನೋಡುತ್ತಾರೆ. ನೀವೂ ನೋಡಿ. ಸಿಕ್ಕಸಿಕ್ಕವರ ಕೈಯಲ್ಲಿ ತಂತ್ರಾಂಶ ಹಾಕಿಸಬೇಡಿ. ಒಂದರ ಸಂಖ್ಯೆ ತಪ್ಪಿದರೂ ಅದನ್ನು ಮೊದಲು ಉಳಿದವುಗಳಿಂದ ಬಿಡಿಸಿಡಿ, ಆಮೇಲೆ ತಿಳಿದವರನ್ನು ಕರೆಯಿರಿ. ಮನೆಯವರ ಮೇಲೆ ತಪ್ಪು ಹೊರಿಸುವ ಮುಂಚೆ ಪೆಟ್ಟಿಗೆಯನ್ನು ಪರೀಕ್ಷಿಸಿ.

ಇವರು ಪರೀಕ್ಷಿಸಿದ್ದು ಶುಕ್ರವಾರ. ಗುಳ್ಳೆಮಾವ ಬಟ್ಟೆಗಂಟು ಹಿಡಿದು, ಯಾರಿಗೂ ಹೇಳದೆ ಹೊರಟುಹೋಗಿದ್ದು ಬುಧವಾರ.