ಮೂವತ್ತೊಂದನೇ ತಾರೀಖಿನ ಕಾರು

ಕಾರಿನ ಹಿಂದಿನ ಸೀಟಿನ ಸಂದಿಗೆ ಬೆರಳು ತೂರಿಸಿ ಇಂಗ್ರಿಡ್ ಬಿಸ್ಕತ್ತಿನ ಪುಡಿ, ಒಂದು ಕೋಟಿನ ಗುಂಡಿ, ಹಳೆಯ ಕ್ರಿಸ್‌ಮಸ್ ಮರದ ಒಣಗಿದ ಸೂಜಿಯೆಲೆಗಳನ್ನು ಹೊರಗೆಳೆಯುತ್ತಿದ್ದಳು. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಸರೋವರದ ಕಡೆಯಿಂದ ಬೀಸುವ ಗಾಳಿ ಕಣಕಾಲನ್ನು ಕಚ್ಚುತ್ತಿತ್ತು. ಮುಂದಿನ ಖಾನೆಯನ್ನು ಆಗಲೇ ಖಾಲಿ ಮಾಡಿದ್ದಳು. ಅದರೊಳಗಿಂದ ಬಂದ ಟಾರ್ಚು, ಜೊತೆ ತಪ್ಪಿದ ಕೈಗವಸು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಕಾಲದ ಪಾರ್ಕಿಂಗ್ ಚೀಟಿಗಳೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿದ್ದವು.

"ಇನ್ನೂ ಮುಗೀಲಿಲ್ವೇನೇ? ಚರ್ಚಿನ ಆಫೀಸು ಬೇಗ ಮುಚ್ತಾರೆ ಇವತ್ತು. ತಪ್ಪಿದ್ರೆ ಮುಂದಿನ ವರ್ಷಕ್ಕೆ ಹೋಯ್ತು," ಅಂದ ಅವಳ ಗಂಡ ಡ್ವೈಟ್, ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಮುಂದಿನ ವರ್ಷ ಅಂದ್ರೆ ನಾಳೆ ತಾನೆ?"

"ನಾಳೆ ಕೊಟ್ರೂ ದೇವರಿಗೆ ಒಂದೇ. ತೆರಿಗೆಯವರಿಗೆ ಒಂದಲ್ಲ ಕಣೇ."

ಆ ವರ್ಷ ಡ್ವೈಟ್ ತನ್ನಪ್ಪನ ಕೆರೆದಂಡೆಯ ಮನೆಯನ್ನು ಮಾರಿದ್ದ. ಅದಕ್ಕೆ ದೊಡ್ಡ ತೆರಿಗೆ ಬೀಳುವುದಿತ್ತು. ದಾನವೇನಾದರೂ ಮಾಡುವುದಿದ್ದರೆ ಡಿಸೆಂಬರ್ ಮೂವತ್ತೊಂದರೊಳಗೆ ಮಾಡಬೇಕು, ಆಗ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಅವರ ಚರ್ಚಿಗೆ ಬಂದ ಹಳೆಯ ಕಾರುಗಳಲ್ಲಿ ಚೆನ್ನಾಗಿ ಓಡುವುದನ್ನು ಕಾರಿಲ್ಲದ ಸಂಸಾರಕ್ಕೆ ಕೊಡುತ್ತಿದ್ದರು, ಕೆಟ್ಟದ್ದು ಹರಾಜಿಗೆ ಹೋಗುತ್ತಿತ್ತು. ಸಂಸಾರಕ್ಕೆ ಹೋದರೆ ಕಾರಿನ ಪೂರ್ತಿ ಬೆಲೆಯನ್ನು ದಾನವೆಂದು ತೋರಿಸಬಹುದು. ಹರಾಜಿಗೆ ಹೋದರೆ ಗುಜರಿಯವನು ಕೊಟ್ಟಷ್ಟೇ. ಇದನ್ನೆಲ್ಲ ಡ್ವೈಟ್ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದ ಹೊತ್ತಿಗೇ ತಿಳಿದುಕೊಂಡಿದ್ದ.

"ಅದು ಆರಿಹೋಗೋ ವಿಷಯ ಹೇಳೋದು ಬೇಡ್ವಾ?" ಇಂಗ್ರಿಡ್ ಸೀಟಿನ ಸಂದಿಯೊಳಗೇ ಕೇಳಿದಳು.

"ಚಳಿಗೆ ಯಾವ ಕಾರು ಆರಲ್ಲ ಹೇಳು. ಅವರ ಹತ್ರ ಮೆಕ್ಯಾನಿಕ್ ಇದಾನೆ, ನೋಡ್ಕೋತಾನೆ."

ಚಳಿಗೆ ಅಲ್ಲ. ಇಬ್ಬರಿಗೂ ಗೊತ್ತಿತ್ತು. ಒಂದು ವರ್ಷದಿಂದ ಆ ಕಾರು ಇಳಿಜಾರಿನಲ್ಲಿ ಬ್ರೇಕು ಒತ್ತಿ ನಿಲ್ಲಿಸುವಾಗ ಒಮ್ಮೊಮ್ಮೆ ಸುಮ್ಮನೆ ಆರಿಹೋಗುತ್ತಿತ್ತು. ಸ್ಟಿಯರಿಂಗು ಕಲ್ಲಾಗುತ್ತಿತ್ತು, ಬ್ರೇಕೂ ಬಿಗಿದು ಸರಿಯಾಗಿ ಹಿಡಿಯುತ್ತಿರಲಿಲ್ಲ. ಅವರ ಊರಾದ ಡುಲೂತ್‌ನ ಬೀದಿಗಳೋ ಸರೋವರಕ್ಕೆ ಏಣಿ ಒರಗಿಸಿದಂತೆ ಇಳಿಯುವಂಥವು. ಎರಡು ಸಲ ಇಂಗ್ರಿಡ್ ಅಡ್ಡರಸ್ತೆಯ ನಡುವಿನ ತನಕ ಜಾರಿದ್ದಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು: ನಿಲ್ಲುವ ಮೊದಲೇ ಗೇರು ನ್ಯೂಟ್ರಲ್‌ಗೆ ತಳ್ಳಿ, ಎಡಗಾಲಲ್ಲಿ ಬ್ರೇಕು ಒತ್ತುತ್ತಲೇ ಬಲಗಾಲಲ್ಲಿ ಆಕ್ಸಿಲರೇಟರನ್ನು ಚೂರು ತಟ್ಟುವುದು. ತಟ್ಟುತ್ತಾ ತಟ್ಟುತ್ತಾ ಅದು ಕಾರಿನ ದೋಷವೆಂಬುದೇ ಮರೆತು, ತನ್ನ ಕೈಕಾಲಿನ ಅಭ್ಯಾಸವೆನಿಸಿಬಿಟ್ಟಿತ್ತು.

ಚರ್ಚಿನ ಅಂಗಳದಲ್ಲಿ ಬೀದಿಯವರೆಗೂ ಕಾರುಗಳ ಸಾಲು. ವರ್ಷವಿಡೀ ಯಾರಿಗೂ ನೆನಪಾಗದ ಬಡವರು ಕೊನೆಯ ದಿನ ಎಲ್ಲರಿಗೂ ನೆನಪಾಗಿದ್ದರು. ಮುದುಕ ಆರ್ವಿಲ್ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಒಂದೊಂದೇ ಕಾರಿನ ಕೀಲಿ ಇಸಿದುಕೊಳ್ಳುತ್ತಿದ್ದ. ಮೆಕ್ಯಾನಿಕ್ ಇವನೇ, ಚರ್ಚಿನ ಗಂಟೆ ಹೊಡೆಯುವವನೂ ಇವನೇ.

"ಬಂದ್ರಾ ಡಿಸೆಂಬರ್ ದಾನಿಗಳು," ಅಂದ ಆರ್ವಿಲ್. "ಇಷ್ಟೊಂದನ್ನ ನಾನೊಬ್ಬ ಯಾವಾಗ ಬಿಚ್ಚಿ ನೋಡ್ಲಿ? ನೀವೇ ಹೇಳ್ಬಿಡಿ ಇಂಗ್ರಿಡ್, ಓಡಿಸಿದವರು ನೀವು. ಏನಾದ್ರೂ ತೊಂದರೆ ಇದೆಯಾ?"

ಸಾಲಿನಲ್ಲಿ ಹಿಂದಿದ್ದ ಕಾರಿನಲ್ಲಿ ಅದೇ ಚರ್ಚಿನ ಬರ್ನೀಸ್ ಕಿಟಕಿ ಇಳಿಸಿ ಕೂತಿದ್ದಳು. ಹೋದ ವರ್ಷ ಯಾರದೋ ಕಾರು ಹರಾಜಿಗೆ ಹೋದಾಗ, "ಕಸ ಎಸೆಯೋಕೆ ದುಡ್ಡು ಕೊಡಬೇಕು, ದೇವರಿಗಾದ್ರೆ ಪುಕ್ಕಟೆ" ಎಂದು ಚರ್ಚಿನ ಅಡುಗೆಮನೆಯಲ್ಲೆಲ್ಲ ಆಡಿಕೊಂಡು ನಗಿಸಿದವಳು ಅವಳೇ. ಡ್ವೈಟ್ ತನ್ನ ಬೂಟಿನ ಹಿಮ ಕೊಡವುತ್ತಿದ್ದ, ತಲೆಯೆತ್ತಲಿಲ್ಲ.

"ಏನೂ ಇಲ್ಲ," ಅಂದಳು ಇಂಗ್ರಿಡ್. "ಮಗು ಥರ ಇಟ್ಕೊಂಡಿದ್ದೆ."

ಆ ಎರಡನೆಯ ಮಾತು ಯಾರಿಗೂ ಬೇಕಿರಲಿಲ್ಲ.

ಜನವರಿಯ ಎರಡನೆಯ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕೋಟು ತೊಟ್ಟು ಅಂಗಳಕ್ಕೆ ಬಂದರು. ಕಾರುಗಳಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಕೊಟ್ಟವರೇ ಕೀಲಿಯನ್ನು ಪಡೆದವರ ಕೈಯಲ್ಲಿಡಬೇಕು, ಮಿಕ್ಕವರು ಬಾನೆಟ್ಟಿನ ಮೇಲೆ ಕೈಯಿಟ್ಟು ಹರಸಬೇಕು. ಆ ಚರ್ಚಿನ ಪದ್ಧತಿ ಅದು. ಇಂಗ್ರಿಡ್‌ಳ ಕಾರು ಕೊರಿನ್ ಎಂಬವಳ ಪಾಲಿಗೆ ಬಂದಿತ್ತು. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಕೆಳಗೆ ಬಂದರಿನ ಹತ್ತಿರದ ವೃದ್ಧಾಶ್ರಮದಲ್ಲಿ ದಾದಿ. ಸೊಂಟದ ಮೇಲೊಂದು ಹೆಣ್ಣುಮಗು ಮೂಗು ಸೋರಿಸಿಕೊಂಡು ಕೂತಿತ್ತು.

"ಇದರಲ್ಲಿ ಹೋಗಿಬರುವವರು ಕ್ಷೇಮವಾಗಿರಲಿ," ಅಂದರು ಪಾದ್ರಿ. ಇಪ್ಪತ್ತು ಕೈಗವಸುಗಳು ಬಾನೆಟ್ಟಿನ ಮೇಲಿದ್ದವು. ಇಂಗ್ರಿಡ್ ತನ್ನದನ್ನೂ ಇಟ್ಟಳು. ಎಲ್ಲರ ಆಮೆನ್ ಮುಗಿಯುವ ಮೊದಲೇ ತೆಗೆದಳು. ಕೊರಿನ್ ಬಾಗಿಲು ತೆರೆದು ಒಳಗೆ ಮೂಸಿ ನೋಡಿ, "ಎಷ್ಟು ಚೊಕ್ಕವಾಗಿಟ್ಟಿದೀರಿ, ಮಿಸೆಸ್ ಲುಂಡ್," ಅಂದಳು. ಇಂಗ್ರಿಡ್ ಬಾನೆಟ್ಟಿನ ರಿಬ್ಬನ್ ಸರಿಮಾಡತೊಡಗಿದಳು.

ಆಮೇಲೆ ಅಡುಗೆಮನೆಯಲ್ಲಿ ಅವಳು ಕಾಫಿ ಲೋಟ ತೊಳೆಯಲು ನಿಂತಳು. ಬರ್ನೀಸ್ ಒರೆಸುತ್ತಿದ್ದಳು.

"ನಮ್ಮದು ಹರಾಜಿಗೆ ಹೋಯ್ತಮ್ಮ. ನಮ್ಮೆಜಮಾನ್ರು ಸತ್ಯಸಂಧರು ನೋಡು, ಗೇರ್‌ಬಾಕ್ಸ್ ಹೋಗಿದೆ ಅಂತ ಆರ್ವಿಲ್‌ಗೆ ತಾವೇ ಒದರಿಬಿಟ್ರು. ನಿನ್ನ ಅದೃಷ್ಟ, ನಿಂದು ಒಳ್ಳೆ ಕಾರು."

ಇಂಗ್ರಿಡ್ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಕೊರಿನ್ ಒಳಗೆ ಬಂದು, ಮಿಕ್ಕಿದ್ದ ಹಾಟ್‌ಡಿಶ್ ಎಂಬ ಮಾಂಸ-ಆಲೂಗಡ್ಡೆಯ ತಿನಿಸಿನಲ್ಲಿ ಸ್ವಲ್ಪ ಕಟ್ಟಿಕೊಳ್ಳಬಹುದೇ ಎಂದು ಕೇಳಿದಳು. "ಮೂರು ಗಂಟೆಗೆ ಪಾಳಿ ಶುರು. ಮಗೂನ ನಮ್ಮಮ್ಮನ ಮನೇಲಿ ಬಿಟ್ಟು ಹಾಗೇ ಕೆಳಗಿಳಿದುಬಿಡ್ತೀನಿ. ಬಸ್ಸಿಗೆ ಕಾಯೋ ಕೆಲಸ ಇಲ್ಲ ಇವತ್ತಿಂದ."

"ಇಳಿಜಾರು..." ಅಂದಳು ಇಂಗ್ರಿಡ್. ಬರ್ನೀಸ್ ಒರೆಸುವ ಬಟ್ಟೆ ಹಿಡಿದು ಅವಳತ್ತ ತಿರುಗಿದಳು. "ಹಿಮ ಇದೆ. ನಿಧಾನ, ಅಂತ."

"ಎಲ್ಲರೂ ಅದನ್ನೇ ಹೇಳ್ತೀರಪ್ಪ," ಕೊರಿನ್ ನಕ್ಕಳು. "ನಾನೂ ಈ ಊರಲ್ಲೇ ಹುಟ್ಟಿದವಳು."

ಮನೆಗೆ ಹೋಗುವಾಗ, ಹಳೆಯದರ ಬದಲಿಗೆ ಕೊಂಡಿದ್ದ ಹೊಸ ಕಾರನ್ನು ಇಂಗ್ರಿಡ್‌ಳೇ ಓಡಿಸಿದಳು. ಮೊದಲ ನಿಲುಗಡೆಯ ಫಲಕ ಬಂದಾಗ ಅವಳ ಬಲಗೈ ತಾನಾಗಿ ಗೇರಿನ ಹಿಡಿಯನ್ನು ನ್ಯೂಟ್ರಲ್‌ಗೆ ತಳ್ಳಿತು, ಬಲಗಾಲು ಆಕ್ಸಿಲರೇಟರನ್ನು ತಟ್ಟಿತು. ಎಂಜಿನ್ನು ಸುಮ್ಮನೆ ಗುರ್ರೆಂದಿತು.

"ಇದಕ್ಕೆ ಅದೆಲ್ಲ ಬೇಡ ಕಣೇ," ಅಂದ ಡ್ವೈಟ್, ನಗುತ್ತಾ. "ಪಾಪ, ಕೈಗೆ ಇನ್ನೂ ಬುದ್ಧಿ ಬಂದಿಲ್ಲ."

ಮನೆಯಲ್ಲಿ ಅವನು ಬೂಟು ಕಳಚಿ, ಟೀವಿ ಹಾಕಿ, ಕಾಲು ಚಾಚಿ ಕೂತ. ಇಂಗ್ರಿಡ್ ಕೋಟು ತೆಗೆಯಲಿಲ್ಲ. ಗೋಡೆಯ ಗಡಿಯಾರ ನೋಡಿದಳು, ಮೂರು ಗಂಟೆಗೆ ಇನ್ನೂ ಹೊತ್ತಿತ್ತು. ಆಮೇಲೆ ಗ್ಯಾರೇಜಿಗೆ ಹೋಗಿ ಹೊಸ ಕಾರಿನ ಮುಂದಿನ ಖಾನೆ ತೆರೆದಳು. ತನ್ನ ಕನ್ನಡಕ, ಟಾರ್ಚು, ಕೈಗವಸುಗಳನ್ನು ಮತ್ತೆ ಅದೇ ರಟ್ಟಿನ ಡಬ್ಬಿಗೆ ಹಾಕಿದಳು. ಗಾಜಿನ ಹಿಮ ಕೆರೆಯುವ ಕಡ್ಡಿಯನ್ನು ಎತ್ತಿಕೊಂಡವಳು, ಒಂದು ಕ್ಷಣ ಯೋಚಿಸಿ, ಅಲ್ಲೇ ಬಿಟ್ಟಳು. ಹಿಂದಿನ ಸೀಟಿನ ಕಂಬಳಿಯನ್ನೂ ಬಿಟ್ಟಳು.

"ಎಲ್ಲಿಗೇ?" ಡ್ವೈಟ್ ಒಳಗಿನಿಂದ ಕೂಗಿದ.

"ಹಾಲು ಮುಗಿದಿದೆ."

ಹಾಲಿನಂಗಡಿಯನ್ನು ದಾಟಿ ಅವಳು ಕೆಳಗಿಳಿದಳು. ದೂರದಲ್ಲಿ ಸರೋವರ ಹೆಪ್ಪುಗಟ್ಟಿ ಆಕಾಶದ ಬಣ್ಣಕ್ಕೇ ತಿರುಗಿತ್ತು. ಕೊರಿನ್ ಇರುವ ಕಟ್ಟಡದ ಮುಂದೆ ಹಳೆಯ ಕಾರು ಇಳಿಜಾರಿಗೆ ಮುಖ ಮಾಡಿ ನಿಂತಿತ್ತು. ಹಿಂದಿನ ಸೀಟಿಗೆ ಮಗುವಿನ ಕುರ್ಚಿ ಕಟ್ಟಿಯಾಗಿತ್ತು, ಬಾನೆಟ್ಟಿನ ರಿಬ್ಬನ್ ಮಾತ್ರ ಇನ್ನೂ ಬಿಚ್ಚಿರಲಿಲ್ಲ. ಇಂಗ್ರಿಡ್ ತನ್ನ ಕಾರನ್ನು ಅದರ ಹಿಂದೆ ನಿಲ್ಲಿಸಿ, ಕೈಗವಸು ಕಳಚಿ, ಗೊಂಚಲಿನಿಂದ ಹೊಸ ಕಾರಿನ ಕೀಲಿಯನ್ನು ಕೊರಿನ್‌ಗಾಗಿ ಬಿಡಿಸತೊಡಗಿದಳು. ಗೊಂಚಲಿನ ರಿಂಗು ಬಿಗಿಯಾಗಿತ್ತು, ಉಗುರು ನೋಯುತ್ತಿತ್ತು. ಮೇಲಿನ ಮೆಟ್ಟಿಲಲ್ಲಿ ಬಾಗಿಲು ತೆರೆದುಕೊಂಡು, ಟೋಪಿ ಹಾಕಿಕೋ ಎಂದು ಮಗುವನ್ನು ಗದರುವ ಕೊರಿನ್‌ಳ ದನಿ ಇಳಿದುಬರುತ್ತಿತ್ತು.