ತಟ್ಟೆಯಲ್ಲಿ ಗೆದ್ದ ಎಣ್ಣೆ

ದರ್ಜಿ ಹೊಸ ಅಂಗಿಯ ಬೆನ್ನನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದ. ಸೆಟೆದ ಮೈಗೆ ತೊಡಿಸಲು ಬೇರೆ ದಾರಿಯಿರಲಿಲ್ಲ.

"ಮಾವ, ಎಷ್ಟು ಚೆನ್ನಾಗಿತ್ತು ಅಂಗಿ..." ಎಂದಳು ಸತ್ತವನ ಮಗಳು.

"ಮುಂದಿನಿಂದ ಕಾಣಲ್ಲಮ್ಮ. ನೀನು ಆ ಕಡೆ ತೋಳು ಹಿಡ್ಕೊ."

ಸತ್ತವನು ದರ್ಜಿಯ ಅಕ್ಕನ ಗಂಡ. ಅಕ್ಕ ತೀರಿಕೊಂಡ ಮೇಲೆ ದರ್ಜಿ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಬೀದಿಯಲ್ಲಿ ಆತ ಎದುರಾದರೆ ಆಚೆ ಬದಿಗೆ ದಾಟಿಬಿಡುತ್ತಿದ್ದ. ಇವತ್ತು ಬಂದದ್ದೂ ಅಕ್ಕನ ಮಗಳ ಮುಖ ನೋಡಿ.

ಎಡತೋಳನ್ನು ತಿರುಗಿಸಿದವನ ಕೈ ನಿಂತಿತು. ಒಳಬದಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ದುಂಡನೆಯ ಸುಟ್ಟ ಕಲೆಗಳ ಸಾಲು. ಮೊದಲಿನದು ಗುಳಿ ಬಿದ್ದಿತ್ತು. ಆಮೇಲಿನವು ತೆಳುವಾಗುತ್ತ ಹೋಗಿ, ಕೊನೆಯದು ಬರೀ ಕಂದು ನೆರಳು.

"ಇದೇನಿದು?"

"ಲ್ಯಾಬಲ್ಲಿ ಬಿಸಿ ಗಾಜು ತಗುಲಿದ್ದು ಅಂತಿದ್ರು ಅಪ್ಪ."

"ಬಿಸಿ ಗಾಜು ಹೀಗೆ ಗುಂಡಿ ಹೊಲಿದ ಹಾಗೆ ಸಾಲಾಗಿ ತಗಲುತ್ತಾ?"

ಬಾಗಿಲಲ್ಲಿ ನಿಂತಿದ್ದ ಹೆಂಗಸು ಪ್ರಯೋಗಾಲಯದಲ್ಲಿ ಸತ್ತವನ ಪಕ್ಕದ ಮೇಜಿನವಳು. "ಗಾಜಲ್ಲ ಅದು," ಎಂದಳು.

*

ಹಿಂದಿನವರು ಕೆಮ್ಮಿಗೆ, ಹುಣ್ಣಿಗೆ ಬಳಸುತ್ತಿದ್ದ ಎಲೆಗಳಿಂದ ಎಣ್ಣೆ ಇಳಿಸಿ, ಅದರಲ್ಲಿ ಏನೇನಿದೆ, ಯಾವ ಕ್ರಿಮಿಯನ್ನು ತಡೆಯುತ್ತದೆ ಎಂದು ನೋಡುವುದು ಅವನ ಕೆಲಸ. ದೊಡ್ಡಪತ್ರೆಯನ್ನು ಆವಿಯಲ್ಲಿ ಬಟ್ಟಿ ಇಳಿಸಿದ ದಿನ ಅವನು ಬೀದಿಯ ತಿರುವಿಗೆ ಬರುವಾಗಲೇ ಹೆಂಡತಿಗೆ ವಾಸನೆ ಬಡಿಯುತ್ತಿತ್ತು. "ಬಂತು ನೋಡು ಕೆಮ್ಮಿನ ಸೀಸೆ," ಎಂದು ಮಗಳಿಗೆ ಹೇಳುತ್ತಿದ್ದಳು.

ಸಕ್ಕರೆ ಕಾಯಿಲೆಯಿಂದ ಅವಳ ಕಾಲಿನ ಗಾಯ ಕೀವಾಯಿತು. ಆಸ್ಪತ್ರೆಯ ಔಷಧಿಗಳಿಗೆ ಕ್ರಿಮಿ ಬಗ್ಗಲಿಲ್ಲ. ಅವನು ಆ ಕೀವನ್ನೇ ಲ್ಯಾಬಿಗೆ ಒಯ್ದು, ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸಿ, ನಡುವೆ ದೊಡ್ಡಪತ್ರೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟ. ಮರುದಿನ ತಟ್ಟೆಯ ತುಂಬ ಕೆನೆಗಟ್ಟಿದಂತೆ ಕ್ರಿಮಿ. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಬಳೆ.

"ಸತ್ತಿದೆ ಕಣೆ! ನಿನ್ನ ಕಾಲಿಂದೇ ಕ್ರಿಮಿ, ಸತ್ತಿದೆ!" ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಹೇಳಿದ. ಅವಳು ನಗುತ್ತ ಅಳುತ್ತ ಆಗಲೇ ತಮ್ಮನಿಗೆ ಫೋನು ಹಚ್ಚಿದಳು.

ಆಮೇಲೆ ಅದೇ ಎಣ್ಣೆಯನ್ನು ಲ್ಯಾಬಿನಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳಿಗೆ ಹಾಕಿದ. ಅವೂ ಸತ್ತವು. ತೆಳು ಮಾಡಿದ. ಜೀವಕೋಶ ಉಳಿದವು, ಕ್ರಿಮಿಯೂ ಉಳಿಯಿತು. ಇವೆರಡರ ನಡುವೆ ಜಾಗವೇ ಸಿಗಲಿಲ್ಲ. ಕೊನೆಗೆ ತೋಳು ಚಾಚಿ, ಗಟ್ಟಿಯಿಂದ ತೆಳುವಿಗೆ, ಒಂದೊಂದೇ ಬಿಲ್ಲೆ ಅಂಟಿಸಿಕೊಂಡ.

"ಹುಚ್ಚು ಹಿಡಿದಿದೆಯಾ ನಿಮಗೆ?" ಪಕ್ಕದ ಮೇಜಿನವಳು ಕೈ ಹಿಡಿದಳು.

"ಜೀವಕೋಶ ಬೇರೆ, ಮೈ ಬೇರೆ. ಮೈ ತಡ್ಕೊಂಡ್ರೂ ತಡ್ಕೋಬಹುದು."

ತಡೆದುಕೊಳ್ಳಲಿಲ್ಲ.

*

"ಹಾಗಿದ್ರೆ ಅಕ್ಕನಿಗೆ ಯಾಕೆ ಹೇಳ್ಲಿಲ್ಲ?" ದರ್ಜಿ ಆ ಹೆಂಗಸಿನ ಕಡೆ ತಿರುಗಿದ. "'ಇನ್ನೊಂದೆರಡು ದಿನ ಅಂತೆ ಕಣೋ, ಇನ್ನೊಂದೆರಡು ದಿನ ಅಂತೆ...' ಕೊನೇವರೆಗೂ ಅವಳು ಅದನ್ನೇ ಹೇಳ್ತಿದ್ಲು. ಎಣ್ಣೆ ಇಟ್ಕೊಂಡೇ ಸಾಯಿಸಿದೆ ಅಂತ ಅವಳ ಹೆಣದ ಮುಂದೆ ನಾನು ಇವರ ಕೊರಳಪಟ್ಟಿ ಹಿಡಿದೆ. ಆಗಲೂ ಬಾಯಿ ಬಿಡಲಿಲ್ಲವಲ್ಲ!"

"ನಾನೂ ಕೇಳಿದ್ದೆ. 'ಅವಳು ಒಂದು ತುತ್ತು ನುಂಗೋದೇ ಆ ಎಣ್ಣೆ ಬರುತ್ತೆ ಅಂತ. ಅದನ್ನೂ ಹೇಗೆ ಕಿತ್ಕೊಳ್ಳಲಿ' ಅಂದ್ರು," ಎಂದಳು ಪಕ್ಕದ ಮೇಜಿನವಳು.

ಮಗಳು ತಂದೆಯ ತೋಳನ್ನು ಬಿಟ್ಟಿರಲಿಲ್ಲ. "ಅಮ್ಮ ಹೋದ ದಿನ ಒಂದು ಸೀಸೆ ತಂದಿದ್ರು," ಎಂದಳು. "ಬಾಗಿಲ ಹತ್ರ ನಿಂತಿದ್ದೆ ನಾನು. 'ಆಯ್ತು ಕಣೆ, ನಾಳೆ ಹಚ್ಚೋಣ' ಅಂದ್ರು. ಅಮ್ಮ ಮೂಸಿ ನೋಡಿ ನಕ್ಕಳು. ಇನ್ನೊಂದು ದಿನ ಮುಂಚೆ ತಂದಿದ್ರೆ ಉಳೀತಿದ್ಲು ಅಂತ ನಾನು ಇಷ್ಟು ವರ್ಷ ಅಪ್ಪನ್ನ..."

ಆ ತೋಳನ್ನು ಮೆಲ್ಲಗೆ ಹೊಸ ಅಂಗಿಯೊಳಗೆ ತೂರಿಸಿದಳು.

ಹೊರಗಿನಿಂದ ಯಾರೋ ಕೇಳಿದರು: "ಹೊತ್ತಾಯ್ತು, ಎತ್ತೋಣವಾ?"

ವ್ಯಾನಿನಲ್ಲಿ ದರ್ಜಿಗೆ ಮುಂದೆ ಸೀಟು ಬಿಟ್ಟಿದ್ದರು. ಅವನು ಹಿಂದೆ ಹತ್ತಿ ಹೆಣದ ಪಕ್ಕ ನೆಲಕ್ಕೇ ಕುಳಿತ. ಪೈಪು ಹಾಕಲು ಅಗೆದಿದ್ದ ರಸ್ತೆ. ಮೊದಲ ಗುಂಡಿಗೇ ಹೆಣದ ತಲೆ ಕೆಳಗಿನ ಹಲಗೆಗೆ ಬಡಿಯಿತು.

"ಸ್ವಲ್ಪ ನಿಧಾನ ಕಣಪ್ಪಾ," ಅವನು ಡ್ರೈವರನಿಗೆ ಕೂಗಿದ, "ಭಾವನಿಗೆ ತಗಲುತ್ತೆ."

ಹಲಗೆಗೂ ಆ ತಲೆಗೂ ನಡುವೆ ತನ್ನ ಅಂಗೈ ತೂರಿಸಿದ. ದಾರಿಯುದ್ದಕ್ಕೂ ಪ್ರತಿ ಕುಲುಕಿಗೂ ಅವನ ಬೆರಳ ಗಿಣ್ಣುಗಳು ಹಲಗೆಗೆ ಬಡಿಯುತ್ತಿದ್ದವು.