ಹಾಡು ನಿಂತರೆ ಬಾಯಿ ತೋರಿಸು

"ಹಾಡೇ ಲೌಡಿ! ಬಾಯಲ್ಲೇನು ಕಡುಬು ತುರ್ಕೊಂಡಿದೀಯಾ?"

ಮ್ಯಾನೇಜರ್ ಹೀಗೆ ಕಿರುಚಿದ್ದು ನನ್ನ ಸೊಸೆಯ ಮೇಲೆ. ಅವಳ ಎರಡೂ ಕೈಯಲ್ಲಿ ತಟ್ಟೆ. ನಾನು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಇಳಿಸಿದ್ದೆ.

"ಗಂಟಲು ಊದಿದೆ ಸಾರ್. ಎಂಜಲು ನುಂಗಕ್ಕೂ ಆಗ್ತಿಲ್ಲ. ಇವತ್ತೊಂದಿನ ಬಿಟ್ಬಿಡಿ."

"ಆಗಲ್ಲ ಅಂದ್ರೆ ನಾಳೆಯಿಂದ ಮನೇಲಿರು. ನಿನ್ನ ಗಂಡನೂ ಅಲ್ಲೇ ಬಿದ್ದಿದಾನಲ್ಲ, ಜೋಡಿ ಆಗತ್ತೆ."

ನನ್ನ ಮಗ ಬಿದ್ದದ್ದು ಇದೇ ದೊಡ್ಡಮನೆಯ ಚಾವಣಿಯಿಂದ, ಕೆಲಸ ಮಾಡುವಾಗ. ಸೊಂಟ ಮುರಿದವನು ಇನ್ನೂ ಎದ್ದಿಲ್ಲ. ಒಲೆ ಉರಿಯುವುದು ಇವಳ ಕೆಲಸದಿಂದ. ಸೊಸೆ ನನ್ನತ್ತ ಒಮ್ಮೆ ನೋಡಿ, ಒಡಕು ದನಿಯಲ್ಲಿ ಹಾಡುತ್ತಾ ಹೊರಟಳು.

ಈ ಹಾಡಿನ ಕಥೆ ಹೇಳಬೇಕು. ದೊಡ್ಡಮನೆಯ ಅಡುಗೆಕೋಣೆಯಿಂದ ಊಟದ ಕೋಣೆಗೆ ಉದ್ದನೆಯ ಕತ್ತಲ ದಾರಿ. ಹಳೇ ಧಣಿಯ ಕಾಲದಲ್ಲಿ ತಟ್ಟೆ ಹೊತ್ತ ಆಳು ಆ ದಾರಿಯುದ್ದಕ್ಕೂ ಹಾಡಬೇಕಿತ್ತು. ಹಾಡುವ ಬಾಯಿ ಕದ್ದು ತಿನ್ನಲಾರದಲ್ಲ, ಅದಕ್ಕೆ. ನನ್ನ ಅವ್ವ ಹಾಡಿದ್ದಾಳೆ, ಬರಿಹೊಟ್ಟೆಯಲ್ಲಿ, ಬಿಸಿ ಮಾಂಸದ ಹಬೆ ಮೂಗಿಗೆ ಬಡಿಯುತ್ತಿರುವಾಗ. ಹಾಡು ಕಡಿದರೆ ಧಣಿ ಬಾಯೊಳಗೆ ಬೆರಳಿಟ್ಟು ತಡಕುತ್ತಿದ್ದ. ನಮ್ಮ ಗುಡಿಸಲಲ್ಲಿ ಅವ್ವ ಹಾಡಿದ್ದು ನಾನು ಒಮ್ಮೆಯೂ ಕೇಳಲಿಲ್ಲ. ತಮ್ಮನ ತೊಟ್ಟಿಲನ್ನೂ ಬಾಯಿ ಮುಚ್ಚಿಕೊಂಡೇ ತೂಗಿದಳು.

ಈಗ ಆ ಧಣಿಯ ಮೊಮ್ಮಗ ಮನೆಯನ್ನು ಹೋಟೆಲು ಮಾಡಿದ್ದಾನೆ. ಗೋಡೆಯ ಮೇಲೆ ಅಜ್ಜನ ಪಟ, ಪಕ್ಕದಲ್ಲಿ ಸತ್ತ ಜಿಂಕೆಗಳ ತಲೆ. ಎರಡರ ಕಣ್ಣೂ ಒಂದೇ ಥರ. ಕಾರಿನಲ್ಲಿ ಬರುವವರಿಗೆ ಊಟದ ಜೊತೆ ಹಳೇ ಕಾಲವೂ ಬೇಕಂತೆ. ಹೂತುಹೋಗಿದ್ದ ಹಾಡನ್ನು ಅವನು ಅಗೆದು ತೆಗೆದ. ತಟ್ಟೆಯೋ ಬಂಡಿಚಕ್ರದಷ್ಟು. ಅದರ ನಡುವೆ ಬೆರಳಗಲ ಬಾತುಕೋಳಿ ಮಾಂಸ, ಪಕ್ಕಕ್ಕೆ ಸೋಪಿನ ನೊರೆಯಂಥದ್ದೇನೋ. ನಮ್ಮ ಬೆಕ್ಕು ಇದಕ್ಕಿಂತ ಹೆಚ್ಚು ಬಿಟ್ಟೇಳುತ್ತದೆ. ಅದನ್ನು ಬಾಯಿಗಿಟ್ಟು ಅವರು ಕಣ್ಣು ಮುಚ್ಚುತ್ತಾರೆ, ಪ್ರಾಣ ಹೋದವರ ಹಾಗೆ.

ಹಾಡು ನಿಂತಿತು. ಕೆಮ್ಮು ಕೇಳಿಸಿತು.

"ಏ ಮುದುಕಿ, ನೆಲ ಒರೆಸೋ ಬಟ್ಟೆ ತಾರೇ!" ಮ್ಯಾನೇಜರ್ ಕೂಗಿದ.

ಓಡಿದೆ. ಊಟದ ಕೋಣೆಯ ನೆಲದ ಮೇಲೆ ರಸ ಚೆಲ್ಲಿತ್ತು. ಸೊಸೆ ತಟ್ಟೆ ಹಿಡಿದೇ ನಿಂತಿದ್ದಳು. ಮೊಮ್ಮಗ ಧಣಿ ಕುರ್ಚಿಯಿಂದೆದ್ದು ಅತಿಥಿಗಳ ಕಡೆ ತಿರುಗಿ ನಕ್ಕ.

"ಅಜ್ಜನ ಕಾಲದ ನಿಯಮ ಹೇಳಿದ್ನಲ್ಲ? ಹಾಡು ನಿಂತ್ರೆ ಬಾಯಿ ತೋರಿಸ್ಬೇಕು. ಬಾ, ಆ ಅನ್ನು."

"ಸಾರ್, ಕೆಮ್ಮು ಬಂತು..."

"ಆ ಅನ್ನಮ್ಮ. ತಮಾಷೆಗೆ."

ಸೊಸೆ ಬಾಯಿ ತೆರೆದಳು. ಅವನು ಫೋನಿನ ದೀಪ ಒಳಗೆ ಬಿಟ್ಟ. "ನಾಲಿಗೆ ಎತ್ತು. ಇನ್ನೂ ಅಗಲ." ಮೇಜಿನ ಸುತ್ತ ನಗು ಎದ್ದಿತು. ಮುತ್ತಿನ ಸರ ಹಾಕಿದ್ದವಳೊಬ್ಬಳು, "ಸ್ವಲ್ಪ ಈ ಕಡೆ ತಿರುಗ್ಸಿ, ಫೋಟೋ ಸರಿಯಾಗಿ ಬರ್ಲಿಲ್ಲ" ಅಂದಳು. ಧಣಿ ಗಲ್ಲ ಹಿಡಿದು ತಿರುಗಿಸಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನೂ ಮೊದಲು ಎತ್ತಿನ ಬೆನ್ನು ಸವರುತ್ತಾನೆ.

ಸೊಸೆಯ ಕಣ್ಣಿಂದ ನೀರು ಇಳಿಯಿತು. ಬಾಯಿ ತೆರೆದೇ ಇತ್ತು.

ನಾನು ಬಟ್ಟೆ ಕೆಳಗೆ ಬಿಟ್ಟು, ಅವಳ ಕೈಯಿಂದ ಒಂದು ತಟ್ಟೆ ತೆಗೆದುಕೊಂಡೆ. ಒದ್ದೆ ಕೈಯಲ್ಲೇ ಮಾಂಸದ ಒಂದು ಚೂರೆತ್ತಿ ಬಾಯಿಗಿಟ್ಟೆ. ಅಗಿದೆ. ನನಗೇನು ಅವಸರ? ನುಂಗಿದೆ.

"ಥೂ! ಉಪ್ಪಿಲ್ಲ, ಹುಳಿಯಿಲ್ಲ. ಇದನ್ನ ಕದ್ದು ತಿಂತೀವಿ ಅಂತಾನೇನೋ ನಮ್ಮವ್ವನ ಬಾಯಿಗೆ ಕಾವಲು ಹಾಕಿದ್ದು, ನಿಮ್ಮ ವಂಶ?"

"ಏಯ್! ಹುಚ್ಚು ಮುಂಡೆ! ತಟ್ಟೆ ಇಡು!" ಮ್ಯಾನೇಜರ್ ನುಗ್ಗಿ ಬಂದ.

ಧಣಿ ಕೈ ಅಡ್ಡ ಹಿಡಿದು ಅವನನ್ನು ತಡೆದ. ಅತಿಥಿಗಳ ಮುಂದೆ ಮುಖದ ನಗು ಜಾರಬಾರದಲ್ಲ. ಸೊಸೆಗೆ ಮೆಲ್ಲಗೆ ಹೇಳಿದ: "ನಿಮ್ಮತ್ತೇನ ಆಚೆ ಕಳಿಸು. ನಿನ್ನ ಕೆಲಸ ಇರತ್ತೆ. ಇಲ್ಲಾಂದ್ರೆ ಇಬ್ರೂ ನಡೀರಿ."

ಅವಳು ಏನು ಮಾಡಿದರೂ ನಾನು ಬೈಯುವವಳಲ್ಲ. ಮನೆಯಲ್ಲಿ ಮಲಗಿದವನ ಹೊಟ್ಟೆಯೂ ಹೊಟ್ಟೆಯೇ.

ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು. ಆಮೇಲೆ ಅದರಲ್ಲಿದ್ದ ಮಾಂಸವನ್ನು ಪೂರ್ತಿ ಎತ್ತಿ ಬಾಯಿಗೆ ತುರುಕಿಕೊಂಡಳು.

"ಉಗಿ! ಉಗಿಯೇ!" ಧಣಿ ಕಿರುಚಿದ.

ಅವಳು ತುಟಿ ಬಿಗಿದು ಅವನ ಮುಖವನ್ನೇ ನೋಡುತ್ತಾ ಅಗಿಯತೊಡಗಿದಳು. ಊದಿದ ಗಂಟಲಲ್ಲಿ ತುತ್ತು ಇಳಿಯುವಾಗ ಕೊರಳ ನರ ಉಬ್ಬಿದ್ದು ಎಲ್ಲರಿಗೂ ಕಂಡಿತು.